ಹೆಡ್‌ಮಾಸ್ತರ ಕುರ್ಚಿಯೂ ಮಕ್ಕಳ ಓದೂ

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಈ ವೇದಿಕೆಯಿಂದ ನೀವು ಕೂಲಿ, ಬೋನಸ್ಸು, ಬಾಡಿಗೆ, ತೆರಿಗೆಗಳ ಮಾತನ್ನು ಬಹಳ ಸಲ ಕೇಳಿದ್ದೀರಿ. ಇಂದು ನಾವು ಮಾತನಾಡಬೇಕೆಂದಿರುವುದು ನಿಮ್ಮ ಮಕ್ಕಳ ಶಾಲೆಯನ್ನು ಕುರಿತು. ಅದರಲ್ಲೂ ಆ ಶಾಲೆಯ ಆಡಳಿತವನ್ನು ಕುರಿತು. ಆಡಳಿತವೆಂದ ಕೂಡಲೆ ಹಿಂದೆ ಕುಳಿತವರು ಎದ್ದು ಹೋಗಬೇಡಿ. ಗಿರಣಿಯಲ್ಲಿ ದುಡಿಯುವವನಿಗಾಗಲಿ ಅಂಗಡಿ ಇಟ್ಟವನಿಗಾಗಲಿ ಆಡಳಿತವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಡಳಿತ ಕೆಟ್ಟ ಗಿರಣಿಯಲ್ಲಿ ಎಂಥ ಕುಶಲ ನೇಕಾರನಿದ್ದರೂ ಬಟ್ಟೆ ಕೆಡುತ್ತದೆ. ಲೆಕ್ಕ ಕೆಟ್ಟ ಅಂಗಡಿಯಲ್ಲಿ ಎಂಥ ಒಳ್ಳೆಯ ಸರಕಿದ್ದರೂ ಗಲ್ಲಾ ಬರಿದಾಗುತ್ತದೆ. ಶಾಲೆಯ ವಿಷಯ ಬಂದಾಗ ಮಾತ್ರ ಈ ತಿಳಿವಳಿಕೆಯನ್ನೆಲ್ಲ ಮೂಲೆಗಿಟ್ಟು, “ಮೇಷ್ಟರು ಒಳ್ಳೆಯವರಾದರೆ ಶಾಲೆ ಒಳ್ಳೆಯದು, ಕೆಟ್ಟವರಾದರೆ ಕೆಟ್ಟದ್ದು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವುದು ರೂಢಿಯಾಗಿದೆ.

ಈ ತೀರ್ಪು ಅರ್ಧ ಸತ್ಯ. ಉಳಿದ ಅರ್ಧವನ್ನು ನಿಮ್ಮ ಮುಂದಿಡುವುದೇ ಇಂದಿನ ಉದ್ದೇಶ.

ರೋಗದ ಲಕ್ಷಣ

ಮೊದಲು ರೋಗ ಯಾವುದೆಂದು ನೋಡೋಣ. ‘ಅಸರ್’ ಎಂಬ ಹೆಸರಿನ ಒಂದು ಸಮೀಕ್ಷೆ ಇದೆ. ಅದನ್ನು ನಡೆಸುವವರು ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. 5ನೆಯ ತರಗತಿಯ ಮಗುವಿಗೆ ಕೊಡುವುದು 2ನೆಯ ತರಗತಿಯ ಪಾಠ. 2022ರಲ್ಲಿ, ಅಂದರೆ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ತೆರೆದ ಬಳಿಕ, 5ನೆಯ ತರಗತಿಯ ನೂರು ಮಕ್ಕಳಲ್ಲಿ ಆ ಪಾಠವನ್ನು ಓದಬಲ್ಲವರು 43 ಮಂದಿ ಮಾತ್ರ. 2024ರಲ್ಲಿ ಅದು 49ಕ್ಕೆ ಏರಿತು. ಏರಿದ್ದು ಸಂತೋಷ. ಆದರೆ ಐದು ವರುಷ ಶಾಲೆಗೆ ಹೋಗಿ ಬಂದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಎರಡನೆಯ ವರುಷದ ಪಾಠ ಓದಲು ಬರುವುದಿಲ್ಲವೆಂದರೆ, ಆ ಸಂತೋಷ ಎಷ್ಟು ಹೊತ್ತು ನಿಂತೀತು?

ಇದು ಹಳ್ಳಿಗಳ ಲೆಕ್ಕ. ಪೇಟೆಯ ಲೆಕ್ಕಕ್ಕೆ ನೀವು ಪುಸ್ತಕ ಹುಡುಕಬೇಕಾಗಿಲ್ಲ. ಇಂದು ರಾತ್ರಿ ಮನೆಗೆ ಹೋಗಿ ಮಗುವಿನ ಕೈಗೆ ಒಂದು ವೃತ್ತಪತ್ರಿಕೆ ಕೊಡಿ, ನಾಲ್ಕು ಸಾಲು ಓದಿಸಿ. ಉತ್ತರ ನಿಮ್ಮ ಎದುರಿಗೇ ಇರುತ್ತದೆ.

ಓದಲು ಬಾರದ ಮಗು 6, 7, 8ನೆಯ ತರಗತಿಗಳಲ್ಲಿ ಸುಮ್ಮನೆ ಹಿಂದಿನ ಸಾಲಿನಲ್ಲಿ ಕೂರುತ್ತದೆ. ಗಣಿತದ ಲೆಕ್ಕ ಬಿಡಿಸುವುದು ಹಾಗಿರಲಿ, ಲೆಕ್ಕದ ವಾಕ್ಯವನ್ನೇ ಓದಲಾಗದು. ಕೊನೆಗೆ ಒಂದು ದಿನ ಚೀಲವನ್ನು ಮೂಲೆಗೆಸೆದು ಗ್ಯಾರೇಜಿಗೋ ಹೋಟೆಲಿಗೋ ಸೇರುತ್ತದೆ. ಆಗ ತಂದೆ ಹಣೆಯ ಬರಹವನ್ನು ಬೈಯುತ್ತಾನೆ, ತಾಯಿ ಮಗುವನ್ನು ಬೈಯುತ್ತಾಳೆ, ಇಬ್ಬರೂ ಕೂಡಿ ಮೇಷ್ಟರನ್ನು ಬೈಯುತ್ತಾರೆ.

ದೋಷ ಯಾರದು?

ಮೇಷ್ಟರ ಮೇಲಿನ ದೊಡ್ಡ ಆರೋಪವೆಂದರೆ ಅವರು ಶಾಲೆಗೇ ಬರುವುದಿಲ್ಲ ಎಂಬುದು. ಈ ಆರೋಪಕ್ಕೆ ಆಧಾರವಿಲ್ಲವೆಂದು ನಾವು ಹೇಳುವುದಿಲ್ಲ. 2003ರಲ್ಲಿ ಸಂಶೋಧಕರು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆ ಕೊಡದೆ ಹೋಗಿ ನೋಡಿದರು. ನೂರಕ್ಕೆ 25 ಉಪಾಧ್ಯಾಯರು ಶಾಲೆಯಲ್ಲಿರಲಿಲ್ಲ. ಪಾಠ ಮಾಡುತ್ತಿದ್ದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಇದು ದೇಶದಾದ್ಯಂತ ಸುದ್ದಿಯಾಯಿತು. “ಮೇಷ್ಟರು ಸೋಮಾರಿಗಳು” ಎಂಬ ಮಾತಿಗೆ ಮುದ್ರೆ ಬಿತ್ತು.

2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಆರು ರಾಜ್ಯಗಳ 619 ಶಾಲೆಗಳಲ್ಲಿ ಇದೇ ವಿಷಯವನ್ನು ಬಿಡಿಸಿ ನೋಡಿದರು. ನೂರಕ್ಕೆ 18ಕ್ಕಿಂತ ಸ್ವಲ್ಪ ಹೆಚ್ಚು ಉಪಾಧ್ಯಾಯರು ಶಾಲೆಯಲ್ಲಿರಲಿಲ್ಲ. ಆದರೆ ಕಾರಣವಿಲ್ಲದೆ ತಪ್ಪಿಸಿಕೊಂಡವರು ಎಷ್ಟು? ನೂರಕ್ಕೆ ಎರಡೂವರೆ. ಉಳಿದವರು ನಿಯಮದಂತೆ ರಜೆಯ ಮೇಲೆ, ತರಬೇತಿಗೆ, ಇಲ್ಲವೆ ಸರ್ಕಾರವೇ ಒಪ್ಪಿಸಿದ ಬೇರೆ ಕೆಲಸಕ್ಕೆ ಹೋದವರು.

ಎರಡೂ ಅಧ್ಯಯನಗಳ ಅಳತೆಗೋಲು ಒಂದೇ ಅಲ್ಲ, ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳೆನ್ನುವಂತಿಲ್ಲ. ಆದರೆ ಎರಡನೆಯದು ನಮಗೆ ಒಂದು ಹೊಸ ಪ್ರಶ್ನೆ ಕೇಳಲು ಕಲಿಸುತ್ತದೆ. ಕುರ್ಚಿ ಖಾಲಿ ಇದೆಯೆಂದು ಕಂಡಾಗ, ಅದನ್ನು ಖಾಲಿ ಮಾಡಿದವರು ಯಾರು ಎಂದು ಕೇಳಬೇಕು. ನಿಮ್ಮ ಗಿರಣಿಯಲ್ಲಿ ಮಗ್ಗ ನಿಂತರೆ ಏನು ಮಾಡುತ್ತೀರಿ? ಎಳೆ ಹರಿಯಿತೇ, ನೂಲು ಕಳಪೆಯೇ, ಕರೆಂಟು ಹೋಯಿತೇ, ಜಾಬರು ಆ ಮಗ್ಗದವನನ್ನು ಬೇರೆ ಕೆಲಸಕ್ಕೆ ಕಳಿಸಿದನೇ ಎಂದು ನೋಡುತ್ತೀರಿ. ನೋಡದೆ ನೇಕಾರನ ಕೂಲಿ ಮುರಿದರೆ ಜಗಳಕ್ಕೆ ನಿಲ್ಲುತ್ತೀರಿ. ಶಾಲೆಯಲ್ಲಿ ಪಾಠ ನಿಂತಾಗಲೂ ಅಷ್ಟೇ ನ್ಯಾಯವಾಗಿ ವಿಚಾರಿಸಬೇಕಲ್ಲವೆ? ಇಲ್ಲದಿದ್ದರೆ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯ ಹಾಗಾಗುತ್ತದೆ.

ಹೆಡ್‌ಮಾಸ್ತರ ಒಂದು ದಿನ

ಈಗ ಒಂದು ಸಾಮಾನ್ಯ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ ದಿನವನ್ನು ನೋಡಿ. ಬೆಳಗ್ಗೆ ಬಂದ ಕೂಡಲೆ ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ. ಹಾಲಿನ ಪುಡಿ ಎಷ್ಟು ಉಳಿಯಿತು, ಮೊಟ್ಟೆ ತಿನ್ನುವ ಮಕ್ಕಳೆಷ್ಟು, ಬಾಳೆಹಣ್ಣಿನವರೆಷ್ಟು. ಬಳಿಕ ಮಕ್ಕಳ ವಿವರವನ್ನು ಕಂಪ್ಯೂಟರಿಗೆ ಏರಿಸುವುದು, ಆಧಾರ್ ಹೆಸರಿಗೂ ದಾಖಲಾತಿ ಪುಸ್ತಕದ ಹೆಸರಿಗೂ ಹೊಂದಿಸುವುದು, ವಿದ್ಯಾರ್ಥಿವೇತನದ ಅರ್ಜಿ, ಪುಸ್ತಕ ಸಮವಸ್ತ್ರಗಳ ಹಂಚಿಕೆ. ಅಷ್ಟರಲ್ಲಿ ಮೊಬೈಲು ಗುಂಯ್‌ಗುಡುತ್ತದೆ: ಮೇಲಿನ ಕಚೇರಿಯಿಂದ “ತುರ್ತು” ಎಂಬ ತಲೆಬರಹದ ಸಂದೇಶ, ಮಧ್ಯಾಹ್ನದೊಳಗೆ ಇಷ್ಟು ಅಂಕಿ ಅಂಶ ಬೇಕು. ನಿನ್ನೆ ಕೊಟ್ಟ ಅಂಕಿಯನ್ನೇ ಇಂದು ಬೇರೊಂದು ನಮೂನೆಯಲ್ಲಿ ಕೇಳುತ್ತಾರೆ.

ಬಿಸಿಯೂಟ ಬೇಡವೆಂದು ನಾವು ಹೇಳುತ್ತಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆಜ್ಞೆ ಮಾಡಿದ್ದು ಬಡವರ ಮಕ್ಕಳ ಪಾಲಿಗೆ ದೊಡ್ಡ ಉಪಕಾರ. ಹಸಿದ ಹೊಟ್ಟೆಗೆ ಅಕ್ಷರ ಇಳಿಯದು. ಆದರೆ ಅಕ್ಕಿಯ ಲೆಕ್ಕ ಬರೆಯಲು ಒಬ್ಬ ಗುಮಾಸ್ತನನ್ನು ಕೊಡದೆ, ಪಾಠ ಹೇಳಬೇಕಾದವರ ಕೈಯಿಂದಲೇ ಅದನ್ನು ಬರೆಸುವುದು ಯಾವ ಉಳಿತಾಯ? ಉಳಿದದ್ದು ಗುಮಾಸ್ತನ ಸಂಬಳ, ಕಳೆದುಹೋದದ್ದು ಮಕ್ಕಳ ಪಾಠ. ವ್ಯಾಪಾರಿಗಳಾದ ನಿಮಗೆ ಈ ಲಾಭನಷ್ಟದ ಲೆಕ್ಕ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮಿನ ಪ್ರಕಾರ ಉಪಾಧ್ಯಾಯರನ್ನು ಹತ್ತು ವರುಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ ಮತ್ತು ಚುನಾವಣೆ ಇವು ಮೂರಕ್ಕೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಹಚ್ಚಕೂಡದು. ಹೀಗಿದ್ದೂ 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಮನೆಮನೆ ತಿರುಗಿದವರು ಉಪಾಧ್ಯಾಯರೇ. ದಸರಾ ರಜೆಯೊಳಗೆ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಯಾವ ಜಾತಿ ಎಷ್ಟು ಹಿಂದೆ ಉಳಿದಿದೆ ಎಂಬ ಲೆಕ್ಕ ಬೇಕೇ ಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹಿಂದುಳಿದವರ ಲೆಕ್ಕ ತೆಗೆಯಲು ಹಿಂದುಳಿದವರ ಮಕ್ಕಳು ಹೋಗುವ ಶಾಲೆಯನ್ನೇ ಮುಚ್ಚಿದರೆ, ಆ ಲೆಕ್ಕದಲ್ಲಿ ಅದೂ ಒಂದು ಕಲಮಾಗಿ ಸೇರಬೇಕಲ್ಲವೆ?

ಇನ್ನೊಂದು ಮಾತು ನೆನಪಿರಲಿ. ಅದೇ ಕಾಯಿದೆಯ ಪ್ರಕಾರ 1ರಿಂದ 5ನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿರಬೇಕು. ಪ್ರತ್ಯೇಕ ಹೆಡ್‌ಮಾಸ್ತರು ಬರುವುದು ಮಕ್ಕಳ ಸಂಖ್ಯೆ 150 ದಾಟಿದ ಮೇಲೆ. ಅಂದರೆ ಚಿಕ್ಕ ಶಾಲೆಗಳಲ್ಲಿ ಹೆಡ್‌ಮಾಸ್ತರೆಂದರೆ ಎರಡು ಮೂರು ತರಗತಿಗಳ ಉಪಾಧ್ಯಾಯರೇ. ಅವರನ್ನು ತಾಲ್ಲೂಕು ಕಚೇರಿಯ ಸಭೆಗೆ ಕರೆದ ದಿನ ಶಾಲೆಯ ಅರ್ಧ ಪಾಠ ನಿಂತಂತೆ. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಾದರೆ ಪೂರ್ತಿ ನಿಂತಂತೆ.

ಒಳ್ಳೆಯ ಹೆಡ್‌ಮಾಸ್ತರು ಮಾಡುವುದೇನು?

ಹೀಗೆಂದ ಮಾತ್ರಕ್ಕೆ ಎಲ್ಲ ಹೊರೆಯನ್ನೂ ಸರ್ಕಾರದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಒಂದೇ ತಾಲ್ಲೂಕು, ಒಂದೇ ಸಂಬಳ, ಒಂದೇ ಬಗೆಯ ಬಡ ಮಕ್ಕಳು. ಆದರೂ ಒಂದು ಶಾಲೆ ನಡೆಯುತ್ತದೆ, ಮೂರು ಮೈಲಿ ಆಚೆಯ ಇನ್ನೊಂದು ಕುಂಟುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಮಕ್ಕಳೆದುರು ಕೆಲವು ವರುಷ ನಿಂತವರಾದ್ದರಿಂದ ನಾವು ಕಂಡದ್ದನ್ನು ಹೇಳುತ್ತೇವೆ. ಒಬ್ಬ ಹೆಡ್‌ಮಾಸ್ತರಿದ್ದರು. ಹಾಜರಿ ಪುಸ್ತಕ ಅವರ ಮೇಜಿನ ಮೇಲೆ. ಐದು ನಿಮಿಷ ತಡವಾದರೆ ಕೆಂಪು ಗೆರೆ. ಗೆರೆ ಎಳೆದ ಮೇಲೆ ಉಪಾಧ್ಯಾಯರು ತರಗತಿಯಲ್ಲಿ ಪಾಠ ಮಾಡಿದರೋ ನಿದ್ದೆ ಮಾಡಿದರೋ ಅವರಿಗೆ ಬೇಕಿರಲಿಲ್ಲ. ತಮಗೆ ಬೇಕಾದವರಿಗೆ ಹಗುರವಾದ ತರಗತಿ, ಬೇಡವಾದವರಿಗೆ 80 ಮಕ್ಕಳ ಒಂದನೆಯ ತರಗತಿ. ಆ ಶಾಲೆಯಲ್ಲಿ ಉಪಾಧ್ಯಾಯರೆಲ್ಲ ಗಡಿಯಾರ ನೋಡಿ ಬಂದು ಗಡಿಯಾರ ನೋಡಿ ಹೋಗುತ್ತಿದ್ದರು.

ಇನ್ನೊಬ್ಬರನ್ನೂ ಕಂಡೆವು. ಅವರು ವಾರಕ್ಕೆ ಎರಡು ಸಲ ಯಾವುದಾದರೊಂದು ತರಗತಿಯ ಹಿಂದಿನ ಸಾಲಿನಲ್ಲಿ ಮಕ್ಕಳ ಜತೆ ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಆ ಉಪಾಧ್ಯಾಯರನ್ನು ಕರೆದು, “ಮೂರನೆಯ ಸಾಲಿನ ಹುಡುಗಿ ನೀವು ಹೇಳಿದ್ದನ್ನು ಬರೆಯಲಿಲ್ಲ, ಪಕ್ಕದವಳದ್ದನ್ನು ನೋಡಿ ಬರೆದಳು, ಆಕೆಗೆ ಒತ್ತಕ್ಷರ ಬರುವುದಿಲ್ಲ, ನಾಳೆ ಇಬ್ಬರೂ ನೋಡೋಣ” ಎನ್ನುತ್ತಿದ್ದರು. ಕಷ್ಟದ ತರಗತಿಯನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಕದ್ದು ತಪ್ಪಿಸಿಕೊಳ್ಳುವ ಉಪಾಧ್ಯಾಯನನ್ನು ಎಲ್ಲರೆದುರು ಹೀಯಾಳಿಸುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಒಬ್ಬನನ್ನೇ ಕೂರಿಸಿಕೊಂಡು ಲೆಕ್ಕ ಕೇಳುತ್ತಿದ್ದರು. ಅಲ್ಲಿ ಕೆಲಸ ಹೆಚ್ಚಿತ್ತು. ಆದರೂ ಅಲ್ಲಿಂದ ವರ್ಗ ಕೇಳಿದವರನ್ನು ನಾವು ಕಾಣೆವು.

ಈ ಇಬ್ಬರ ನಡುವಿನ ವ್ಯತ್ಯಾಸದಲ್ಲಿ ಮೂರು ಸಂಗತಿಗಳಿವೆ. ಒಂದು, ಉಪಾಧ್ಯಾಯರಿಗೆ ಪಾಠದ ಹೊತ್ತನ್ನು ಕಾಯ್ದು ಕೊಡುವುದು. ಎರಡು, ಪಾಠದಲ್ಲಿ ತೊಡಕು ಬಂದಾಗ ಜತೆಗೆ ನಿಂತು ಬಿಡಿಸುವುದು. ಮೂರು, ಕೆಲಸ ಹಂಚುವಾಗ ನ್ಯಾಯ. ಹೊತ್ತು, ನೆರವು, ನ್ಯಾಯ. ಈ ಮೂರೂ ಇರುವಲ್ಲಿ ಸಾಮಾನ್ಯ ಉಪಾಧ್ಯಾಯರೂ ಒಳ್ಳೆಯ ಉಪಾಧ್ಯಾಯರಾಗುತ್ತಾರೆ. ಮೂರೂ ಇಲ್ಲದ ಕಡೆ ಒಳ್ಳೆಯವರೂ ಎರಡು ವರುಷದಲ್ಲಿ ಒಣಗುತ್ತಾರೆ.

ಇದು ನಮ್ಮ ಊಹೆಯಷ್ಟೇ ಅಲ್ಲ. ನ್ಯೂಜಿಲೆಂಡಿನ ವಿವಿಯನ್ ರಾಬಿನ್‌ಸನ್ ಎಂಬ ವಿದ್ವಾಂಸೆ ಮತ್ತು ಸಂಗಡಿಗರು ಶಾಲಾ ನಾಯಕತ್ವದ ಮೇಲೆ ನಡೆದಿದ್ದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ತೂಗಿ ನೋಡಿದರು. ಮುಖ್ಯೋಪಾಧ್ಯಾಯರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಯಾವುದೆಂದರೆ, ಉಪಾಧ್ಯಾಯರ ಕಲಿಕೆಯಲ್ಲಿ ತಾವೂ ಕೂತು ಪಾಲುಗೊಳ್ಳುವುದು. 2015ರಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಎಂಟು ದೇಶಗಳ 1,800ಕ್ಕೂ ಹೆಚ್ಚು ಪ್ರೌಢಶಾಲೆಗಳ ಆಡಳಿತವನ್ನು ಅಳೆದು ನೋಡಿದಾಗ, ಆಡಳಿತ ಚೆನ್ನಾಗಿದ್ದ ಕಡೆ ಮಕ್ಕಳ ಫಲಿತಾಂಶವೂ ಚೆನ್ನಾಗಿತ್ತು. ಆ ಎಂಟು ದೇಶಗಳಲ್ಲಿ ಕೊನೆಯ ಸ್ಥಾನ ನಮ್ಮ ಭಾರತದ್ದು.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಡ್‌ಮಾಸ್ತರ ಸ್ಥಾನ ಬರುವುದು ಹೆಚ್ಚಾಗಿ ಸೇವಾ ಹಿರಿತನದಿಂದ. ಹಿರಿತನಕ್ಕೆ ಗೌರವ ಸಲ್ಲಲಿ. ಆದರೆ ಇಪ್ಪತ್ತು ವರುಷ ಮಕ್ಕಳಿಗೆ ಕಲಿಸಿದ ಮಾತ್ರಕ್ಕೆ ಇನ್ನೊಬ್ಬ ಉಪಾಧ್ಯಾಯನಿಗೆ ನೆರವಾಗುವ ವಿದ್ಯೆ ತಾನಾಗಿ ಬಂದುಬಿಡುವುದಿಲ್ಲ. ಅದನ್ನು ಕಲಿಸಬೇಕು, ಕಲಿಯಲು ಹೊತ್ತು ಕೊಡಬೇಕು.

ಕಾಗದದ ಆಡಳಿತ

ಹಾಗಾದರೆ ಸರ್ಕಾರಗಳು ಶಾಲಾ ಆಡಳಿತವನ್ನು ಸುಧಾರಿಸಲು ಯತ್ನಿಸಿಲ್ಲವೆ ಎಂದು ಕೇಳಬಹುದು. ಯತ್ನಿಸಿವೆ. ಮಧ್ಯಪ್ರದೇಶದ ಕತೆ ಕೇಳಿ. ಅಲ್ಲಿ 1,774 ಶಾಲೆಗಳಲ್ಲಿ ಒಂದು ದೊಡ್ಡ ಕಾರ್ಯಕ್ರಮ ನಡೆಯಿತು. ಪ್ರತಿ ಶಾಲೆಯನ್ನೂ ವಿವರವಾಗಿ ಪರೀಕ್ಷಿಸಿ ಅಂಕ ಕೊಡುವುದು, ಅದರ ಮೇಲೆ ಶಾಲೆಗೊಂದು ಸುಧಾರಣಾ ಯೋಜನೆ ಬರೆಯುವುದು. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದು 2020ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷೆ ಬಹುತೇಕ ಎಲ್ಲ ಶಾಲೆಗಳಲ್ಲೂ ನಡೆದಿತ್ತು. ಕೊಟ್ಟ ಅಂಕಗಳೂ ಹುಸಿಯಾಗಿರಲಿಲ್ಲ. ಆದರೆ ಶಾಲೆಯ ನಡವಳಿಕೆಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ. ಹೆಚ್ಚಿದ್ದು ವರದಿ ಬರೆಯುವ ಕೆಲಸ, ಕಾಗದದ ರಾಶಿ. ಹೀಗಿದ್ದರೂ ಅದೇ ಮಾದರಿಯ ಕಾರ್ಯಕ್ರಮವನ್ನು ದೇಶದ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿಸಿದರು!

ಜ್ವರ ಅಳೆಯುವ ಕಡ್ಡಿಯನ್ನು ದಿನಕ್ಕೆ ಹತ್ತು ಸಲ ಬಾಯಿಗಿಟ್ಟರೆ ಜ್ವರ ಇಳಿಯುವುದೆ? ಅಳೆದವರು ಮದ್ದು ಕೊಡಬೇಕು, ಕೊಟ್ಟ ಮದ್ದು ಹತ್ತಿತೇ ಎಂದು ಮತ್ತೆ ಬಂದು ನೋಡಬೇಕು, ಹತ್ತದಿದ್ದರೆ ಯಾರಾದರೂ ಜವಾಬು ಹೇಳಬೇಕು. ಅಳತೆಯ ಹಿಂದೆ ಇವು ಯಾವುವೂ ಬರಲಿಲ್ಲ.

ಇನ್ನು ಕೆಲವರು, ಫಲಿತಾಂಶ ನೋಡಿ ಹಣ ಕೊಡಿ, ಫಲಿತಾಂಶ ಬಾರದವರಿಗೆ ಶಿಕ್ಷೆ ಕೊಡಿ ಎನ್ನುತ್ತಾರೆ. ಇದೂ ಹೊಸದಲ್ಲ. 1862ರಲ್ಲಿ ಇಂಗ್ಲೆಂಡು ಇದನ್ನೇ ಮಾಡಿತು. ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುವುದು. ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಹಣ. ಆಮೇಲೆ ಪರೀಕ್ಷೆಗೆ ಇದ್ದದ್ದನ್ನೇ ಮಕ್ಕಳಿಗೆ ಉರುಹೊಡೆಸುವುದು ಪಾಠವಾಯಿತು. ಕವಿಯೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ಇದನ್ನು ಕಟುವಾಗಿ ಟೀಕಿಸಿದ. ಮೂವತ್ತು ವರುಷಗಳಷ್ಟು ಕಾಲ ನಡೆಸಿ ಆ ದೇಶ ಅದನ್ನು ಕೈಬಿಟ್ಟಿತು.

ನಮ್ಮ ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2023ರಲ್ಲಿ ನೂರಕ್ಕೆ 83ಕ್ಕಿಂತ ಹೆಚ್ಚು ಮಂದಿ ತೇರ್ಗಡೆಯಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ಕಚೇರಿಯಿಂದ ಕಾದರು. ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಬಳಿಕವೂ ತೇರ್ಗಡೆ 73ಕ್ಕೆ ಇಳಿಯಿತು. ಮಕ್ಕಳು ಒಂದೇ ವರುಷದಲ್ಲಿ ಅಷ್ಟು ದಡ್ಡರಾದರೆ? ಅಲ್ಲ, ತಕ್ಕಡಿಯ ಕೆಳಗೆ ಅಂಟಿಸಿದ್ದ ಮೇಣವನ್ನು ಕಿತ್ತರು, ನಿಜವಾದ ತೂಕ ಕಂಡಿತು. ಕಲಿಸಲು ನೆರವು ಕೊಡದೆ ಫಲಿತಾಂಶ ಮಾತ್ರ ಕೇಳಿದರೆ, ಕೆಳಗಿನವರು ಫಲಿತಾಂಶವನ್ನೇ ತಯಾರಿಸಿ ಕೊಡುತ್ತಾರೆ.

ಬೇರೆ ದಾರಿಯೂ ಇದೆ

ನಮ್ಮ ನಾಡಿನಲ್ಲೇ ಬೇರೆ ದಾರಿ ತೋರಿಸಿದವರಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿಕಲಿ’ ಹುಟ್ಟಿತು. ಕಾಡಂಚಿನ ತಾಲ್ಲೂಕು, ಬಡವರು, ಗಿರಿಜನರು. ಒಬ್ಬರು ಇಬ್ಬರು ಉಪಾಧ್ಯಾಯರ ಶಾಲೆಗಳು. ಅಲ್ಲಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ತಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡುಗಳನ್ನು ತಾವೇ ತಯಾರಿಸಿದರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಏರುವ ಹಾಗೆ ಪಾಠವನ್ನು ಕಟ್ಟಿದರು. ಮುಂದೆ 2009ರ ಸುಮಾರಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಇಲ್ಲಿ ಗಮನಿಸತಕ್ಕದ್ದು ಕಾರ್ಡುಗಳನ್ನಲ್ಲ. ಉಪಾಧ್ಯಾಯರು ಯೋಚಿಸಲು ಮೇಲಿನವರು ಎಡೆಕೊಟ್ಟರು, ತಪ್ಪಿದರೆ ತಿದ್ದಿಕೊಳ್ಳಲು ಹೊತ್ತು ಕೊಟ್ಟರು, ಜತೆಗೆ ನಿಂತರು. ಎಲ್ಲಿ ಅದು ಬರೀ ಆದೇಶವಾಗಿ ಬರುತ್ತದೆಯೋ ಅಲ್ಲಿ ಕಾರ್ಡು ಉಳಿಯುತ್ತದೆ, ನಲಿಯುವುದೂ ಇಲ್ಲ, ಕಲಿಯುವುದೂ ಇಲ್ಲ.

ನ್ಯಾಯದ ವಿಷಯದಲ್ಲೂ ಒಂದು ಪಾಠವಿದೆ. ಉಪಾಧ್ಯಾಯರ ವರ್ಗಾವಣೆಯೆಂದರೆ ಒಂದು ಕಾಲಕ್ಕೆ ಶಾಸಕರ ಚೀಟಿ, ಮಂತ್ರಿಗಳ ಮನೆಯ ಬಾಗಿಲು. 2007ರಲ್ಲಿ ಕರ್ನಾಟಕವು ಉಪಾಧ್ಯಾಯರ ವರ್ಗಾವಣೆಗೆಂದೇ ಕಾನೂನು ಮಾಡಿ, ಎಲ್ಲರೆದುರು ಸರತಿಯಂತೆ ಸ್ಥಳ ಆರಿಸಿಕೊಳ್ಳುವ ಕ್ರಮ ತಂದಿತು. 2020ರಲ್ಲಿ ಅದನ್ನು ಹೊಸ ಕಾನೂನಾಗಿ ಮಾಡಿತು. ದೂರುಗಳು ಇಲ್ಲವೆಂದಲ್ಲ. ಆದರೂ ಬಾಗಿಲು ಕಾಯುವ ಕೆಲಸ ಕಡಿಮೆಯಾದಷ್ಟೂ ಪಾಠ ಹೇಳುವ ಮನಸ್ಸು ಹೆಚ್ಚುತ್ತದೆ.

ನಿಮ್ಮ ಕುರ್ಚಿ ಎಲ್ಲಿದೆ?

ಬಂಧುಗಳೇ, ಇಷ್ಟು ಹೊತ್ತು ಹೆಡ್‌ಮಾಸ್ತರ ಕುರ್ಚಿಯ ಮಾತಾಯಿತು. ಅದರ ಎದುರಿಗೆ ಇನ್ನೊಂದು ಕುರ್ಚಿ ಇದೆ. ಅದು ನಿಮ್ಮದು. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ನೀವು ಎಸ್‌ಡಿಎಂಸಿ ಎಂದು ಕರೆಯುವುದು ಅದನ್ನೇ. 2009ರ ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕು, ಒಟ್ಟು ಅರ್ಧ ಮಂದಿ ಹೆಂಗಸರಿರಬೇಕು. ಶಾಲೆಯ ಕೆಲಸ ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಸರಿಯಾಗಿ ಖರ್ಚಾಯಿತೇ ಎಂದು ನೋಡುವುದು ಈ ಸಮಿತಿಯ ಕೆಲಸ.

ಈ ಕುರ್ಚಿಯಲ್ಲಿ ಕೂತು ನೀವು ಏನು ಕೇಳುತ್ತೀರಿ? ಬಹಳ ಕಡೆ ಸಭೆಯೆಂದರೆ ಸುಣ್ಣಬಣ್ಣ, ಕಾಂಪೌಂಡು ಗೋಡೆ, ಸ್ವಾತಂತ್ರ್ಯೋತ್ಸವದ ಸಿಹಿ. ಕೊನೆಗೆ ಎಲ್ಲರ ಸಹಿ. ಗೋಡೆ ಬೇಕು, ಸುಣ್ಣವೂ ಬೇಕು. ಆದರೆ ನಾಲ್ಕು ಪ್ರಶ್ನೆ ಕೇಳದೆ ಸಹಿ ಹಾಕಬೇಡಿರೆಂದು ನಾವು ಕೇಳಿಕೊಳ್ಳುತ್ತೇವೆ.

ಮೊದಲನೆಯದು: ಯಾವ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ, ಅವರಿಗೆ ಯಾರು, ಯಾವ ಹೊತ್ತಿನಲ್ಲಿ ಕಲಿಸುತ್ತಿದ್ದಾರೆ?

ಎರಡನೆಯದು: ಕಳೆದ ತಿಂಗಳು ಹೆಡ್‌ಮಾಸ್ತರು ಮತ್ತು ಉಪಾಧ್ಯಾಯರು ಎಷ್ಟು ದಿನ ಶಾಲೆಯ ಹೊರಗಿದ್ದರು, ಯಾರ ಆದೇಶದ ಮೇಲೆ?

ಮೂರನೆಯದು: ಹೆಡ್‌ಮಾಸ್ತರು ಎಷ್ಟು ಸಲ ತರಗತಿಯಲ್ಲಿ ಕೂತು ಪಾಠ ನೋಡಿದರು, ಬಳಿಕ ಆ ಉಪಾಧ್ಯಾಯರೊಡನೆ ಮಾತಾಡಿದರೆ?

ನಾಲ್ಕನೆಯದು: ಖಾಲಿ ಹುದ್ದೆ ಎಷ್ಟು, ಅತಿಥಿ ಉಪಾಧ್ಯಾಯರು ಯಾವ ತಿಂಗಳಲ್ಲಿ ಬಂದರು, ಅವರ ಸಂಬಳ ಯಾವ ತಿಂಗಳವರೆಗೆ ಬಂದಿದೆ?

ಪೋಲೀಸರ ಧಾಟಿಯಲ್ಲಿ ಕೇಳಬೇಡಿ. ಎರಡನೆಯ ಪ್ರಶ್ನೆಗೆ ಉತ್ತರ ಬಂದಾಗ ಹೆಡ್‌ಮಾಸ್ತರ ಮುಖ ನೋಡಿ: ತಮ್ಮ ಪರವಾಗಿ ಒಬ್ಬರು ಕೇಳಿದರಲ್ಲ ಎಂದು ಅವರಿಗೆ ಸಮಾಧಾನವಾದರೂ ಆದೀತು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಕಾನೂನಿನ ಮೂರು ಕೆಲಸ ಬಿಟ್ಟು ಬೇರೆಯದಕ್ಕೆ ನಮ್ಮ ಉಪಾಧ್ಯಾಯರನ್ನು ಕರೆಯಕೂಡದೆಂದು ನಿರ್ಣಯ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ. ಒಬ್ಬ ಹೆಡ್‌ಮಾಸ್ತರು ಮೇಲಿನ ಕಚೇರಿಗೆ “ಆಗದು” ಎನ್ನಲಾರರು, ಅದು ನೌಕರಿಯ ಮಾತು. ನೂರು ಜನ ತಂದೆತಾಯಿಗಳು ಹೇಳಬಲ್ಲಿರಿ.

ಸಭೆ ಹಗಲು ಹನ್ನೊಂದಕ್ಕಿದ್ದರೆ ಪಾಳಿಯವನು ಹೇಗೆ ಬಂದಾನು, ಅಂಗಡಿ ಮುಚ್ಚಿ ಯಾರು ಬಂದಾರು ಎಂದು ನೀವು ಕೇಳುವುದು ನ್ಯಾಯ. ಹಾಗಾದರೆ ಸಭೆಯನ್ನು ಸಂಜೆಗೆ ಇಡಲು ಕೇಳಿ, ಇಲ್ಲವೆ ಭಾನುವಾರ. ಸಮಿತಿಯಲ್ಲಿ ನಿಮ್ಮದೇ ಬಹುಮತ. ಹೊತ್ತು ಗೊತ್ತು ಮಾಡಲು ಬೇರೆಯವರ ಅಪ್ಪಣೆ ಯಾಕೆ?

ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವವರು, ಇದು ನಮಗಲ್ಲವೆಂದು ತಿಳಿಯಬೇಡಿ. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಸಮಿತಿಯ ಕಟ್ಟಳೆ ಅನ್ವಯಿಸುವುದಿಲ್ಲ. ಅಲ್ಲಿ ನೀವು ಫೀಜು ಕೊಡುವ ಗಿರಾಕಿ, ಆಡಳಿತ ಪೂರ್ತಿ ಮಾಲೀಕರದು. ಗಿರಾಕಿ ಸರಕನ್ನು ತಟ್ಟಿ ನೋಡಬೇಡವೆ? ಟೈ, ಬೂಟು, ವಾಹನ ನೋಡಿ ಮರುಳಾಗದೆ, ಈ ವರುಷ ಎಷ್ಟು ಮಂದಿ ಉಪಾಧ್ಯಾಯಿನಿಯರು ನಡುವೆಯೇ ಬಿಟ್ಟು ಹೋದರು, ಅವರಿಗೆ ಕೊಡುವ ಸಂಬಳ ಎಷ್ಟು ಎಂದು ವಿಚಾರಿಸಿ. ಮೂರು ತಿಂಗಳಿಗೊಮ್ಮೆ ಮೇಷ್ಟರು ಬದಲಾಗುವ ತರಗತಿಯಲ್ಲಿ ಮಗುವಿನ ತೊಡಕು ಯಾರಿಗೆ ತಿಳಿದೀತು? 80 ಮಕ್ಕಳ ತರಗತಿಯನ್ನು ಶಿಕ್ಷೆಯಾಗಿ ಕೊಡುವ ಹೆಡ್‌ಮಾಸ್ತರಿಗೂ, ಬಾಯಿಬಿಟ್ಟರೆ ನಾಳೆ ಬರಬೇಡವೆನ್ನುವ ಮಾಲೀಕರಿಗೂ ಬಣ್ಣ ಬೇರೆ, ಗುಣ ಒಂದೇ.

ಕೊನೆಯ ಮಾತು. ಒಳ್ಳೆಯ ಉಪಾಧ್ಯಾಯರು ಆಕಾಶದಿಂದ ಉದುರುವುದಿಲ್ಲ. ಅವರಿಗೆ ಹೊತ್ತನ್ನು ಕಾಯ್ದು ಕೊಡುವ, ಕಷ್ಟದಲ್ಲಿ ಜತೆಗೆ ಕೂರುವ, ಕೆಲಸವನ್ನು ನ್ಯಾಯವಾಗಿ ಹಂಚುವ ಮುಂದಾಳು ಶಾಲೆಯಲ್ಲಿರಬೇಕು. ಆ ಮುಂದಾಳನ್ನು ಮುಂದಾಳಾಗಿರಲು ಬಿಡುವ ಊರು ಹೊರಗಿರಬೇಕು. ಮುಂದಿನ ಸಮಿತಿಯ ಸಭೆ ಯಾವತ್ತೆಂದು ನಾಳೆಯೇ ಶಾಲೆಗೆ ಹೋಗಿ ತಿಳಿದುಕೊಳ್ಳಿ. ನಾಲ್ಕೂ ಪ್ರಶ್ನೆ ನೆನಪಿರದಿದ್ದರೆ ಮೊದಲನೆಯದೊಂದನ್ನೇ ಕೇಳಿ: ಓದಲು ಬಾರದ ಮಕ್ಕಳು ಎಷ್ಟು? ಆ ಅಂಕಿ ನಡವಳಿ ಪುಸ್ತಕಕ್ಕೆ ಬಿದ್ದ ದಿನದಿಂದ, ಅದನ್ನು ಇಳಿಸುವ ಕೆಲಸ ಅವರದೂ ಹೌದು, ನಿಮ್ಮದೂ ಹೌದು.